ಇವರ ಕಿವಿಗೆ ಕಟ್ಟಿಸಿದ ಹಲ್ಲು

ನವೆಂಬರ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಬೈಯಬೇಡ. ಬೈಯಲೇಬೇಕು ಅನ್ನಿಸಿದರೆ ಕಾಗದ ಪೂರ್ತಿ ಓದಿ ಆಮೇಲೆ ಬೈ. ನಿನ್ನ ಎರಡೂ ಕಾಗದ ಬಂದಿವೆ. ಉತ್ತರ ಬರೆಯಬೇಕು ಬರೆಯಬೇಕು ಅಂದುಕೊಂಡೇ ದಿನ ದೂಡಿದೆ. ಮೊನ್ನೆ ನೀನು ಫೋನ್ ಮಾಡಿದಾಗ ನನ್ನ ಮಗಳು, ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎಂದಳಲ್ಲ, ಅದು ಸುಳ್ಳು. ನಾನು ಅವಳ ಎದುರಿಗೇ ನಿಂತು, ಬೇಡ ಬೇಡ ಎಂದು ಕೈಯಾಡಿಸುತ್ತಿದ್ದೆ. ಒಂದು ಕಾಲಕ್ಕೆ ಊರಿನವರ ಫೋನನ್ನೆಲ್ಲ ಜೋಡಿಸಿಕೊಟ್ಟವಳು ಈಗ ಒಂದು ಫೋನಿಗೆ ಹೆದರಿ ಗೋಡೆಗೆ ಆತು ನಿಂತಳು ಅಂದರೆ ನಿನಗೆ ನಗು ಬರಬಹುದು. ನಗು, ಪರವಾಗಿಲ್ಲ. ನಮ್ಮಿಬ್ಬರಲ್ಲಿ ಒಬ್ಬರಾದರೂ ನಗಲಿ.

ನಿನ್ನ ಮಂಡಿನೋವು ಈಗ ಹೇಗಿದೆ? ಮೊಮ್ಮಗಳು ಓದಿನಲ್ಲಿ ಚುರುಕಾಗಿದ್ದಾಳೆ ಎಂದು ಬರೆದಿದ್ದೆ, ಓದಿ ಸಂತೋಷವಾಯಿತು. ನಮ್ಮ ಮನೆಗೆ ಬಂದು ಒಂದು ವಾರ ಇರುತ್ತೇನೆ ಎಂದೂ ಬರೆದಿದ್ದೀಯ. ಆ ವಿಷಯ ಆಮೇಲೆ. ಮೊದಲು ನನ್ನ ಬಾಯಿಯ ಕಥೆ ಕೇಳು.

ನನ್ನ ಹಲ್ಲೆಲ್ಲ ಹೋದವು ಕಣೇ. ಒಂದೂ ಉಳಿಯಲಿಲ್ಲ. ವಸಡಿನ ಕಾಯಿಲೆ ಒಳಗೊಳಗೇ ಮೂಳೆ ತಿಂದುಹಾಕಿತ್ತಂತೆ. ಮೊದಲು ದವಡೆಹಲ್ಲು ಅಲ್ಲಾಡಿದವು, ಆಮೇಲೆ ಮುಂದಿನವು. ಹಲ್ಲಿನ ಡಾಕ್ಟರಮ್ಮ ಫಿಲ್ಮು ತೆಗೆದು ಬೆಳಕಿಗೆ ಹಿಡಿದು ನೋಡಿ, ಇವನ್ನು ಇಟ್ಟುಕೊಂಡು ಏನೂ ಪ್ರಯೋಜನವಿಲ್ಲ, ತೆಗೆಸಿ ಸೆಟ್ಟು ಕಟ್ಟಿಸಿಬಿಡಿ ಎಂದಳು. ಎಷ್ಟು ಸಲೀಸಾಗಿ ಹೇಳಿದಳು ಅಂತೀಯಾ! ಹಳೇ ಕುರ್ಚಿಯ ಮೆತ್ತೆ ಬದಲಾಯಿಸಿ ಎಂದ ಹಾಗೆ. ಬೇಸಿಗೆಯಿಡೀ ಸ್ವಲ್ಪಸ್ವಲ್ಪವೇ ಕಿತ್ತರು. ಗಾಯ ಒಣಗಿ ವಸಡು ಗಟ್ಟಿಯಾಗುವವರೆಗೆ ಅಚ್ಚು ತೆಗೆಯುವ ಹಾಗಿಲ್ಲ ಎಂದು ಮತ್ತೆ ಕಾಯಿಸಿದರು. ಆ ದಿನಗಳಲ್ಲಿ ನನ್ನ ಮುಖ ನೋಡಬೇಕಿತ್ತು ನೀನು. ಕೆನ್ನೆ ಒಳಗೆ ಹೋಗಿ, ಮೂಗೂ ಗದ್ದವೂ ಒಂದಕ್ಕೊಂದು ಗುಟ್ಟು ಹೇಳುವಷ್ಟು ಹತ್ತಿರ ಬಂದಿದ್ದವು. ಪಕ್ಕದ ಮನೆಯ ಹೆಡ್‌ಕ್ಲಾರ್ಕು ತಾತ ಸಮಾಧಾನ ಹೇಳಲು ಬಂದರು. ಅವರದ್ದೂ ಕಟ್ಟಿಸಿದ ಹಲ್ಲೇ. ಅದನ್ನು ಅವರು ಅಂಗಿಯ ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಫೋಟೊ ತೆಗೆಯುವಾಗ ಮಾತ್ರ ಬಾಯಿಗೆ, ಊಟಕ್ಕೆ ಕೂತರೆ ಮತ್ತೆ ಜೇಬಿಗೆ. ಅವರ ಸಮಾಧಾನ ಕೇಳಿ ನನಗೆ ಇನ್ನಷ್ಟು ಭಯವಾಯಿತು.

ಮುಖದ ಚಿಂತೆ ನನಗೆ ಅಷ್ಟಿರಲಿಲ್ಲ. ಈ ಮುಖವನ್ನು ನೋಡುವವರು ಯಾರು? ಇವರಿಗೆ ಕಣ್ಣು ಪೂರ್ತಿ ಹೋಗಿ ಎಷ್ಟೋ ವರ್ಷವಾಯಿತು, ಅದು ನಿನಗೆ ಗೊತ್ತೇ ಇದೆ. ನನ್ನ ಸುಕ್ಕು ನೋಡಿಲ್ಲ, ನರೆ ನೋಡಿಲ್ಲ. ಇವರ ಪಾಲಿಗೆ ನಾನು ಅಂದರೆ ನನ್ನ ದನಿ, ಅಷ್ಟೇ. ಬೆಳಿಗ್ಗೆ ಕಾಫಿ ಆದಮೇಲೆ ಕಿಟಕಿಯ ಪಕ್ಕ ಕೂತು ನಾನು ಪೇಪರ್ ಓದುತ್ತೇನೆ, ಇವರು ಕೇಳುತ್ತಾರೆ. ತಲೆಬರಹದಿಂದ ಹಿಡಿದು ಕೊನೇ ಪುಟದ ಹವಾಮಾನದವರೆಗೆ ಬಿಡುವ ಹಾಗಿಲ್ಲ. ನಡುವೆ ಇವರ ಟೀಕೆ, ನನ್ನ ಟೀಕೆಗೆ ಇವರ ಟೀಕೆ. ನಮ್ಮ ಸಂಸಾರ ನಡೆಯುವುದೇ ಆ ಒಂದೂವರೆ ಗಂಟೆಯಲ್ಲಿ ಎಂದರೂ ತಪ್ಪಿಲ್ಲ.

ಹಲ್ಲು ಹೋದಮೇಲೆ ಪೇಪರ್ ಓದಲು ಹೋದರೆ ಎಲ್ಲ ಅಕ್ಷರವೂ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಇವರು ಎರಡು ದಿನ ಸುಮ್ಮನೆ ಕೇಳಿದರು. ಮೂರನೇ ದಿನ, ನೀನು ಸುಸ್ತು ಮಾಡ್ಕೋಬೇಡ, ನಾನು ರೇಡಿಯೊ ಹಾಕ್ಕೋತೀನಿ ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೂ ನಾನು ಅಡುಗೆಮನೆಗೆ ಹೋಗಿ ಅತ್ತೆ. ಅವತ್ತೇ ನಿರ್ಧಾರ ಮಾಡಿದೆ, ಅಗಿಯಲು ಬರದಿದ್ದರೂ ಸರಿ, ಮಾತು ಬರುವಂಥ ಹಲ್ಲು ಕಟ್ಟಿಸಬೇಕು.

ಹಲ್ಲು ಆರಿಸುವುದು ಸೀರೆ ಆರಿಸಿದ ಹಾಗೆಯೇ ಕಣೇ, ಬಣ್ಣದ ಪಟ್ಟಿ ತಂದು ಕೆನ್ನೆಯ ಪಕ್ಕ ಹಿಡಿಯುತ್ತಾರೆ. ಹಾಲುಬಿಳಿ, ದಂತದ ಬಿಳಿ, ಸ್ವಲ್ಪ ಹಳದಿ, ಇನ್ನೂ ಹಳದಿ. ನನ್ನ ಮಗಳು ಔಷಧಿ ಅಂಗಡಿಯಲ್ಲಿ ದಿನವೆಲ್ಲ ಟೂತ್‌ಪೇಸ್ಟಿನ ಡಬ್ಬಿಗಳನ್ನು ನೋಡುವವಳು, ಹಾಲುಬಿಳಿಯೇ ಆಗಬೇಕೆಂದು ಹಟ ಹಿಡಿದಳು. ಈ ವಯಸ್ಸಿಗೆ ಅಷ್ಟು ಬಿಳಿ ಹಾಕಿದರೆ ಬಾಯಿಗಿಂತ ಮುಂಚೆ ಹಲ್ಲು ಮನೆಯೊಳಗೆ ಬರುತ್ತದೆ ಎಂದು ಡಾಕ್ಟರಮ್ಮನೇ ಅಂದಳು. ಕೊನೆಗೆ ದಂತದ ಬಿಳಿಗೆ ಒಪ್ಪಂದವಾಯಿತು. ಅಚ್ಚು ತೆಗೆಯುವಾಗ ತಣ್ಣನೆ ಹಿಟ್ಟಿನಂಥದ್ದನ್ನು ಬಾಯಿ ತುಂಬ ತುಂಬಿ, ಮೂಗಲ್ಲಿ ಉಸಿರಾಡಿ ಮೂಗಲ್ಲಿ ಉಸಿರಾಡಿ ಎನ್ನುತ್ತಿದ್ದಳು. ನನಗೆ ಜೀವ ಹೋಗಿ ಬಂದಂತಾಯಿತು.

ಸೆಟ್ಟು ಬಂತು. ಸಾಲಾಗಿ, ಒತ್ತೊತ್ತಾಗಿ, ಒಂದು ಕೂದಲೆಳೆ ಸಂದಿಲ್ಲದ ಹಲ್ಲು. ಬಾಯಲ್ಲಿಟ್ಟ ತಕ್ಷಣ ಜೊಲ್ಲು ಸುರಿಯಲು ಶುರು. ಯಾರದೋ ಚಮಚವನ್ನು ಬಾಯಲ್ಲಿ ಮರೆತು ಬಂದಂತೆ ಅನ್ನಿಸುತ್ತಿತ್ತು. ಮಾತಾಡಿದರೆ ಟಕಟಕ. ಒಂದು ದಿನ ಸೀನಿದ ರಭಸಕ್ಕೆ ಮೇಲಿನ ಸೆಟ್ಟು ಹಾರಿ ಸಿಂಕಿಗೆ ಬಿತ್ತು. ಪುಣ್ಯಕ್ಕೆ ಡಾಕ್ಟರಮ್ಮ ಹೇಳಿಕೊಟ್ಟಂತೆ ಸಿಂಕಿನಲ್ಲಿ ನೀರು ತುಂಬಿಸಿಟ್ಟಿದ್ದೆ, ಒಡೆಯಲಿಲ್ಲ. ನಿನಗೂ ಎಂದಾದರೂ ಬೇಕಾದೀತು, ತಿಳಿದುಕೊಂಡಿರು. ತೊಳೆಯುವಾಗ ಕೆಳಗೆ ನೀರೋ ಒದ್ದೆ ಬಟ್ಟೆಯೋ ಇರಲೇಬೇಕು. ಬಿಸಿನೀರು ತಾಗಿಸಬಾರದು, ಸೊಟ್ಟಗಾಗುತ್ತದೆ. ಮೆತ್ತಗಿನ ಬ್ರಷ್ಷು, ಕೈ ತೊಳೆಯುವ ಸೋಪು ಸಾಕು, ಪೇಸ್ಟು ಹಾಕಿದರೆ ಗೀರು ಬೀಳುತ್ತದೆ. ಮಲಗುವಾಗ ತೆಗೆದು ನೀರಲ್ಲಿ ಮುಳುಗಿಸಿಡಬೇಕು, ಬೆರಳಿನಿಂದ ವಸಡು ತಿಕ್ಕಬೇಕು. ವಸಡಿಗೂ ವಿಶ್ರಾಂತಿ ಬೇಕಂತೆ. ನೋವೆಂದು ಹೇಳಿ ಬಿಚ್ಚಿಟ್ಟು ಕೂತರೆ ಯಾವತ್ತೂ ಒಗ್ಗುವುದಿಲ್ಲವಂತೆ. ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿ, ನಾಲಿಗೆ ದಾರಿ ಕಂಡುಕೊಳ್ಳುತ್ತದೆ ಎಂದಳು. ನನಗೆ ಓದುವುದನ್ನು ಹೇಳಿಕೊಡಬೇಕೇ?

ಬಾಗಿಲು ಹಾಕಿಕೊಂಡು ಎಷ್ಟೋ ದಿನ ಹಳೇ ಪೇಪರ್ ಓದಿ ಓದಿ, ಟಕಟಕ ನಿಂತ ಮೇಲೆ ಒಂದು ಬೆಳಿಗ್ಗೆ ಇವರ ಪಕ್ಕ ಹೋಗಿ ಕೂತೆ. ಹೊಸ ಸೀರೆ ಉಟ್ಟು ಬಂದು ನಿಂತಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಪುಟ ಪೂರ್ತಿ ಓದಿದೆ. ಸ್ಪಷ್ಟವಾಗಿಯೇ ಓದಿದೆ. ಇವರು ಒಂದು ಟೀಕೆಯನ್ನೂ ಮಾಡಲಿಲ್ಲ. ಪುಟ ತಿರುಗಿಸುವಾಗ ಇವರ ಮುಖ ನೋಡಿದೆ. ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂತವರ ಹಾಗೆ ಮೈ ಬಿಗಿಹಿಡಿದು ಕೂತಿದ್ದರು.

ಏನ್ರೀ, ಚೆನ್ನಾಗಿಲ್ವಾ ಎಂದೆ.

"ಬೇಜಾರು ಮಾಡ್ಕೋಬೇಡ," ಎಂದರು. "ಬೇರೆ ಯಾರೋ ಮನೆಗೆ ಬಂದು ಓದ್ತಿದಾರೆ ಅನ್ಸುತ್ತೆ. ನೀನೆಲ್ಲಿ ಅಂತ ಹುಡುಕೋ ಹಾಗಾಗುತ್ತೆ."

ನೋಡು ಗುಬ್ಬಿ, ಹಲ್ಲು ತೆಗೆದರೆ ಬೊಚ್ಚುಬಾಯಿ ಮುದುಕಿಯ ತೊದಲು, ಹಾಕಿಕೊಂಡರೆ ಯಾರೋ ಹೊರಗಿನವಳು. ಇವರ ಜೊತೆ ನಲವತ್ತು ವರ್ಷ ಮಾತಾಡಿದ ನಾನು ಎರಡರ ನಡುವೆ ಎಲ್ಲೋ ಕಳೆದುಹೋಗಿದ್ದೆ. ಅಲ್ಲಿಂದ ಮುಂದೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಉಪ್ಪು ಬೇಕಾ, ನೀರು ಬೇಕಾ, ಅಷ್ಟೇ. ಬೆಳಗೆದ್ದರೆ ರೇಡಿಯೊ. ತಮ್ಮ ರೇಡಿಯೊ ಅಂಗಡಿ ಮುಚ್ಚಿದ ಮೇಲೂ ಇವರು ಉಳಿಸಿಕೊಂಡಿರುವ ಹಳೇ ಮರದ ಸೆಟ್ಟು, ಅದರ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿಬಿಟ್ಟೆವು.

ಮಗಳು ಕರೆಯುತ್ತಿದ್ದಾಳೆ, ಉಳಿದದ್ದು ಆಮೇಲೆ ಬರೆಯುತ್ತೇನೆ.

ಬುಧವಾರ

ಎಲ್ಲಿಗೆ ನಿಲ್ಲಿಸಿದ್ದೆ? ಹ್ಞಾಂ, ರೇಡಿಯೊ.

ನಮ್ಮಿಬ್ಬರ ಸಪ್ಪೆ ಮುಖ ನೋಡಿ ನೋಡಿ ಸಾಕಾಗಿ ಮಗಳೇ ಒಂದು ಉಪಾಯ ತೆಗೆದಳು. ಅಪ್ಪನನ್ನೂ ಕ್ಲಿನಿಕ್ಕಿಗೆ ಕರಕೊಂಡು ಹೋಗೋಣ, ಎಲ್ಲಿ ಸರಿಯಿಲ್ಲ ಅಂತ ಅವರೇ ಹೇಳಲಿ ಎಂದಳು. ಡಾಕ್ಟರಮ್ಮನಿಗೆ ಇದು ಹೊಸದು. ಎಲ್ಲರೂ ಗಂಡನನ್ನು ಕರಕೊಂಡು ಬರುವುದು ಕನ್ನಡಿಯ ಬದಲಿಗೆ, ನೀವು ಕಿವಿಗೋಸ್ಕರ ಕರಕೊಂಡು ಬಂದಿದ್ದೀರಲ್ಲ ಎಂದು ನಕ್ಕಳು. ಮೇಲಿನ ಸೆಟ್ಟನ್ನು ಹೊಸದಾಗಿ ಮಾಡಲು ಒಪ್ಪಿದಳು. ಗಟ್ಟಿ ಸೆಟ್ಟು ಮಾಡುವ ಮುಂಚೆ ಮೇಣದಲ್ಲಿ ಹಲ್ಲು ಕೂರಿಸಿ ಬಾಯಿಗಿಟ್ಟು ನೋಡುತ್ತಾರೆ. ಮೇಣ ಇರುವಾಗ ಹಲ್ಲನ್ನು ಹಿಂದೆ ಮುಂದೆ ಸರಿಸಬಹುದು, ಅಂಗುಳದ ಭಾಗ ತೆಳು ಮಾಡಬಹುದು. ಹಾಗೆ ಸರಿಸಿದ್ದಕ್ಕೆಲ್ಲ ಮಾತು ಬದಲಾಗುತ್ತದೆ.

ನಾನು ಆ ಉದ್ದ ಕುರ್ಚಿಯ ಮೇಲೆ, ಎದೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿಕೊಂಡು. ಇವರು ಮೂಲೆಯ ಸ್ಟೂಲಿನ ಮೇಲೆ, ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು. ಡಾಕ್ಟರಮ್ಮ ಸಕ್ಕರೆ, ಸಾಸಿವೆ, ಸೂಜಿ ಎಂದು ಹೇಳಿಸಿದಳು. ಇವರು ತಲೆಯಾಡಿಸಿದರು, ಇಲ್ಲ. ಹಲ್ಲು ಸರಿಸಿದಳು. ಮತ್ತೆ ಸಕ್ಕರೆ, ಸಾಸಿವೆ. ಮತ್ತೆ ಇಲ್ಲ. ಆಮೇಲೆ ಇವರು, ಹೀಗೆ ಬಿಡಿ ಪದ ಹೇಳಿಸಿದರೆ ತಿಳಿಯಲ್ಲ ಡಾಕ್ಟ್ರೇ ಎಂದು ನನ್ನ ಕಡೆ ತಿರುಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೇಳುತ್ತಿದ್ದದ್ದನ್ನು ಹೇಳು ಎಂದರು. ನಮ್ಮ ಕಥೆ ನಿನಗೆ ಗೊತ್ತಲ್ಲ. ಇವರು ರೇಡಿಯೊ ಅಂಗಡಿಯಿಂದ ದಿನಾ ಸಂಜೆ ಆರಕ್ಕೆ ಪರವೂರಿನ ಬಿಡಿಭಾಗಗಳ ಕಂಪನಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಹಾಗೆ ಫೋನಿನಲ್ಲಿ ದನಿ ಕೇಳಿ ಕೇಳಿ ಮೆಚ್ಚಿ, ಆಮೇಲೆ ಹುಡುಕಿಕೊಂಡು ಬಂದು ನನ್ನನ್ನು ಮದುವೆಯಾದವರು. ನಾನು ಹೇಳಿದೆ: ಸ್ವಲ್ಪ ತಡೀರಿ ಸಾರ್, ಲೈನ್ ಸಿಗುತ್ತೆ. ಕ್ಲಿನಿಕ್ಕಿನಲ್ಲಿ ಎಲ್ಲರ ಎದುರು, ಬಾಯಲ್ಲಿ ಮೇಣ ಇಟ್ಟುಕೊಂಡು, ಈ ವಯಸ್ಸಿನಲ್ಲಿ! ಮಗಳು ಮುಖ ತಿರುಗಿಸಿ ನಗುತ್ತಿದ್ದಳು.

ಇವರು ನಗಲಿಲ್ಲ. ಹಳೇ ರೇಡಿಯೊದ ಗುಂಡಿ ತಿರುಗಿಸಿ ದೂರದ ಸ್ಟೇಷನ್ ಹಿಡಿಯುವಾಗ ಹೇಗೆ ಉಸಿರು ಕಟ್ಟಿಕೊಂಡು ಕೂರುತ್ತಾರೋ ಹಾಗೆ ಕೂತಿದ್ದರು. ಇನ್ನೂ ಸ್ವಲ್ಪ ಮುಂದೆ ಎಂದರು. ಅಷ್ಟು ಬೇಡ, ಅರ್ಧ ಹಿಂದೆ. ಅಂಗುಳ ದಪ್ಪವಾಗಿದೆ, ಮೂಗಿನಲ್ಲಿ ಮಾತಾಡಿದ ಹಾಗಿದೆ. ಒಂದೇ ದಿನಕ್ಕೆ ಮುಗಿಯಲಿಲ್ಲ, ಮತ್ತೆ ಮತ್ತೆ ಹೋದೆವು. ಪ್ರತಿ ಸಲವೂ ಇವರು ಶೇವ್ ಮಾಡಿಸಿಕೊಂಡು ಒಳ್ಳೇ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ನನ್ನ ದನಿಗಾಗಿ ಇಷ್ಟೆಲ್ಲ ಮಾಡುತ್ತಿದ್ದಾರಲ್ಲ ಎಂದು ನನಗೂ ಹೆಮ್ಮೆಯೇ. ಕೊನೆಕೊನೆಗೆ, ಎಲ್ಲ ಹತ್ತಿರ ಬಂದಿದೆ, 'ಸ' ಅನ್ನುವಾಗ ಮಾತ್ರ ಒಂದು ಚೂರು ಗಾಳಿ ಬರಬೇಕು, ಅದೊಂದು ಸಾಲದು ಎಂದರು. ನನಗೆ ಹಾಗೆ ಗಾಳಿ ಬರುತ್ತಿರಲಿಲ್ಲ ಕಣ್ರೀ ಎಂದೆ.

"ನಿನ್ನ ದನಿ ನಿನಗೇನು ಗೊತ್ತು? ಕೇಳಿದೋನು ನಾನು," ಎಂದರು.

ಅದೂ ನಿಜವಿರಬಹುದು ಅಂದುಕೊಂಡೆ. ಗಾಳಿ ಬರಬೇಕಾದರೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬಿಡಬೇಕು, ಹಲ್ಲನ್ನೂ ಸ್ವಲ್ಪ ಹೊರಗೆ ತರಬೇಕು, ಆಗ ಕಚ್ಚಿದರೆ ಸೆಟ್ಟು ಹಿಂದಿನಿಂದ ಎದ್ದುಬರುತ್ತದೆ, ಯೋಚನೆ ಮಾಡಿ ಎಂದು ಡಾಕ್ಟರಮ್ಮ ಎಚ್ಚರಿಸಿದಳು. ನಾನು ಯೋಚಿಸಲೇ ಇಲ್ಲ. ಬಿಡಿ ಎಂದೆ. ಅವಳು ಮೇಣ ಬಿಸಿ ಮಾಡಿ ಸಂದಿ ಬಿಟ್ಟು ಬಾಯಿಗಿಟ್ಟಳು. ಹೇಳಿದೆ: ಸ್ವಲ್ಪ ತಡೀರಿ ಸಾರ್, ಲೈನ್ ಸಿಗುತ್ತೆ.

ಇವರ ಕೋಲು ಕೈ ಜಾರಿ ನೆಲಕ್ಕೆ ಬಿತ್ತು. ಎದ್ದು ನಿಂತರು. "ಇದೇ," ಎಂದರು. "ಇದೇ ಕಣೇ. ಇನ್ನೊಂದ್ಸಲ ಹೇಳು."

ಇವರ ಕುರುಡುಗಣ್ಣಿನಿಂದ ನೀರು ಇಳಿಯುತ್ತಿತ್ತು. ಡಾಕ್ಟರಮ್ಮನೂ ಕಣ್ಣೊರೆಸಿಕೊಂಡಳು. ನಮ್ಮ ಮಗಳಂತೂ ಬಿಡು.

ಈಗ ಬೆಳಿಗ್ಗೆ ಮತ್ತೆ ಪೇಪರ್ ಓದುತ್ತೇನೆ. ರೇಡಿಯೊ ಮೇಲೆ ಬಟ್ಟೆ ಹೊದಿಸಿದ್ದಾರೆ. ಒಂದು ಸುದ್ದಿಯನ್ನು ಎರಡೆರಡು ಸಲ ಓದಿಸುತ್ತಾರೆ, ಅರ್ಥವಾಗದೆ ಅಲ್ಲ, ಸುಮ್ಮನೆ. ನನ್ನ ಊಟ ಮಾತ್ರ ಅಷ್ಟಕ್ಕಷ್ಟೇ. ಡಾಕ್ಟರಮ್ಮ ಹೇಳಿದಂತೆಯೇ ಆಗಿದೆ, ಏನು ಕಚ್ಚಿದರೂ ಸೆಟ್ಟು ಏಳುತ್ತದೆ. ಅನ್ನವನ್ನು ಹಿಸುಕಿ ಗಂಜಿ ಮಾಡಿಕೊಂಡು ನುಂಗುತ್ತೇನೆ. ಊಟ ಆಯ್ತಾ ಎಂದು ಇವರು ಕೇಳಿದರೆ ಚೆನ್ನಾಗಿ ಆಯ್ತು ಎನ್ನುತ್ತೇನೆ. ಬಳೆ ಮೊಣಕೈವರೆಗೂ ಸರಿಯುತ್ತಿದೆ ಎಂದು ಮಗಳು ರೇಗುತ್ತಾಳೆ.

ಇಷ್ಟೇ ನೋಡು ನಮ್ಮ ಸಮಾಚಾರ. ಮಂಡಿಗೆ ಎಣ್ಣೆ ಹಚ್ಚಿಸಿಕೋ, ಮೆಟ್ಟಿಲು ಹತ್ತಬೇಡ. ನಿನ್ನ ಮೊಮ್ಮಗಳಿಗೆ ಈ ಅಜ್ಜಿಯ ಆಶೀರ್ವಾದ ಹೇಳು, ನಿನ್ನ ಹಾಗೆ ಗಟ್ಟಿಗಿತ್ತಿಯಾಗಲಿ. ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ.

ನಿನ್ನ ಪಕ್ಕದ ಕುರ್ಚಿಯವಳು

ತಾ.ಕ.: ನೀನು ಬರುವ ವಿಷಯಕ್ಕೆ ಉತ್ತರ ಬರೆಯದೆ ರುಜು ಹಾಕಿಬಿಟ್ಟೆ. ಮರೆತು ಅಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿ ಕೂತಿದ್ದೇನೆ.

ಅವತ್ತು ಕ್ಲಿನಿಕ್ಕಿನಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದೆ. ನನ್ನ ಬಾಯಿಂದ ಬಂದ ದನಿ ಯಾರದ್ದೆಂದು ನನಗೆ ಒಂದೇ ಸಲಕ್ಕೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ? ಒಂಬತ್ತು ವರ್ಷ ನಿನ್ನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಎಕ್ಸ್‌ಚೇಂಜಿನ ಆ ಬೋರ್ಡಿನ ಮುಂದೆ ಕೂತವಳು ನಾನು. 'ಸ' ಅಂದರೆ ಒಂದು ಚೂರು ಗಾಳಿ ಬರುತ್ತಿದ್ದದ್ದು ನಿನಗೆ. ಕನ್ನಡಿ ಕೊಟ್ಟರು, ನೋಡಿದೆ. ಮುಂದಿನ ಎರಡು ಹಲ್ಲು, ನಡುವೆ ಸಂದಿ. ನಿನ್ನ ಹಲ್ಲು ಕಣೇ. ನನ್ನ ಬಾಯಲ್ಲಿ ನಿನ್ನ ಹಲ್ಲು.

ಆಮೇಲೆ, ಭ್ರಮೆಯಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮೊನ್ನೆ ನಿನ್ನ ಫೋನು ಇಟ್ಟಮೇಲೆ ಮಗಳು, ಅಮ್ಮ, ನಿನ್ನ ಫ್ರೆಂಡು ಈಗ ನೀನು ಮಾತಾಡೋ ಥರಾನೇ ಮಾತಾಡ್ತಾರಲ್ಲ ಎಂದಳು. ಪುಣ್ಯಕ್ಕೆ ಇವರು ಹಿತ್ತಲಲ್ಲಿದ್ದರು.

ನೆನಪು ಮಾಡಿಕೋ. ಸಂಜೆ ಆರರ ಪಾಳಿ ಅಲ್ಲಿಯವರೆಗೂ ನಿನ್ನದೇ. ನಿನ್ನ ಅಮ್ಮನಿಗೆ ಕಾಯಿಲೆ ಎಂದು ನೀನು ರಜೆ ಹಾಕಿ ಊರಿಗೆ ಹೋದೆ, ಹಾಗೆಯೇ ಅಲ್ಲಿಗೇ ವರ್ಗ ಮಾಡಿಸಿಕೊಂಡೆ. ಆ ಪಾಳಿ ನನಗೆ ಬಂತು. ಕೆಲವೇ ದಿನಕ್ಕೆ ಇವರು ಎಕ್ಸ್‌ಚೇಂಜಿಗೆ ಬಂದು, ಆರು ಗಂಟೆಗೆ ಮಾತಾಡೋರು ಯಾರು ಎಂದು ಕೇಳಿದರು. ಸೂಪರ್‌ವೈಸರ್ ನನ್ನತ್ತ ಕೈ ತೋರಿಸಿದರು. ನಾನೂ ನಾನೇ ಎಂದು ನಂಬಿದೆ. ಇವರ ಜೊತೆ ಕೆಲವು ದಿನ ಮಾತಾಡಿದ್ದೆನಲ್ಲ. ಎದುರಿಗೆ ಮಾತಾಡಿದಾಗ ದನಿ ಬೇರೆ ಥರ ಇದೆ, ತಂತಿಯಲ್ಲಿ ಬಂದು ಹಾಗಾಗಿರಬೇಕು ಎಂದು ಇವರೇ ನಗುತ್ತ ಹೇಳಿದ್ದರು. ನಮ್ಮಿಬ್ಬರದು ಕಾಗದದಲ್ಲೇ ನಡೆದದ್ದರಿಂದ ನಿನ್ನ ದನಿ ಮತ್ತೆ ಇವರ ಕಿವಿಗೆ ಬೀಳಲೇ ಇಲ್ಲ. ನಿನ್ನದೂ ತಪ್ಪಿಲ್ಲ, ನನ್ನದೂ ಇಲ್ಲ, ಇವರದ್ದೂ ಇಲ್ಲ. ಬೈಯೋಣ ಅಂದರೆ ಯಾರೂ ಸಿಗುವುದಿಲ್ಲ.

ಅದೂ ಹೋಗಲಿ. ಆ ದನಿಯನ್ನು ಇವರು ಕೇಳಿದ್ದು ಒಂದೆರಡು ವರ್ಷ, ಅದೂ ದಿನಕ್ಕೆ ಒಂದೆರಡು ಮಾತು. ನನ್ನ ದನಿಯನ್ನು ನಲವತ್ತು ವರ್ಷ ಕೇಳಿದ್ದಾರೆ. ಕೂಗಾಡಿದ್ದು, ಅತ್ತಿದ್ದು, ಮಗಳಿಗೆ ಲಾಲಿ ಹಾಡಿದ್ದು, ಕಣ್ಣು ಹೋದಮೇಲೆ ದಿನಾ ಓದಿ ಹೇಳಿದ್ದು. ಯಾವ ದನಿ ಬೇಕು ಹೇಳಿ ಎಂದು ಡಾಕ್ಟರಮ್ಮ ಕೇಳಿದಾಗ ಇವರು ಆ ನಲವತ್ತು ವರ್ಷದ ದನಿಯನ್ನು ಹುಡುಕಲೇ ಇಲ್ಲ, ಗುಬ್ಬಿ. ಇದೇ ನನಗೆ ತಡೆಯಲು ಆಗುತ್ತಿಲ್ಲ.

ಇವರಿಗೆ ಗೊತ್ತಿಲ್ಲ. ನನ್ನ ಹರೆಯದ ದನಿ ತಿರುಗಿ ಬಂತು ಎಂದೇ ತಿಳಿದಿದ್ದಾರೆ. ಸಂದಿ ಮುಚ್ಚಿಸುವುದು ದೊಡ್ಡ ಕೆಲಸವಲ್ಲವಂತೆ, ಡಾಕ್ಟರಮ್ಮನನ್ನು ವಿಚಾರಿಸಿದ್ದೇನೆ. ದಿನವೂ ಇವತ್ತು ಹೋಗಬೇಕು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಇವರು ಕಾಫಿ ಕುಡಿದು ಕಿಟಕಿಯ ಹತ್ತಿರ ಬಂದು ಕೂತು, ಕಿವಿಯನ್ನು ನನ್ನ ಕಡೆ ಮಾಡಿಕೊಂಡು ಕಾಯುತ್ತಿರುತ್ತಾರೆ. ಇಷ್ಟು ವರ್ಷದಲ್ಲಿ ಇಷ್ಟು ಖುಷಿಯಾಗಿ ಇವರನ್ನು ನೋಡಿಲ್ಲ. ನೀರಿನಿಂದ ಸೆಟ್ಟು ತೆಗೆದು ತೊಳೆದು ಬಾಯಿಗಿಟ್ಟುಕೊಂಡು ಹೋಗಿ ಓದುತ್ತೇನೆ.

ಅದಕ್ಕೇ, ನೀನು ಬರಬೇಡ ಕಣೇ. ನಿನ್ನನ್ನು ನೋಡಬೇಕೆಂದು ನನಗೂ ಪ್ರಾಣ ಹೋಗುತ್ತದೆ. ಆದರೆ ನೀನು ಬಾಗಿಲಲ್ಲಿ ನಿಂತು ಒಂದು ಮಾತಾಡಿದರೆ ಸಾಕು, ಇವರಿಗೆ ತಿಳಿದುಹೋಗುತ್ತದೆ. ಫೋನೂ ಮಾಡಬೇಡ. ಕಾಗದ ಬರೆ, ತಪ್ಪದೆ ಬರೆ. ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದು ಎಂದು ಇವರು ಕೇಳುತ್ತಾರೆ. ನಿನ್ನದನ್ನು ಮಾತ್ರ ನಾನು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.